ಪಾಸಾದ ನನ್ನ ಮಗಳನ್ನು ದಯವಿಟ್ಟು ಫೇಲು ಮಾಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮೊನ್ನೆ ಮಧ್ಯಾಹ್ನ ನೀವು ನನ್ನ ಕನಸಿಗೆ ಬಂದಿದ್ದಿರಿ. ನಾನು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು, ಅಂದರೆ ಅಂಗಿಗೆ ಗುಂಡಿ ತೂರುವ ಕಂಡಿ ಕತ್ತರಿಸಿ ಅದರ ಅಂಚಿಗೆ ದಾರ ಸುತ್ತುವವಳು. ಊಟವಾದ ಮೇಲೆ ಗೋಡೆಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚಿದ್ದೆ. ನೀವು ಒಳಗೆ ಬಂದು ನನ್ನ ಕೈಗೆ ಒಂದು ಹಾಳೆ ಕೊಟ್ಟು 'ಓದು' ಎಂದಿರಿ. ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಆದರೂ ನಾನು ಗಟ್ಟಿಯಾಗಿ ಓದುತ್ತಲೇ ಹೋದೆ, ನೀವು ತಲೆದೂಗುತ್ತಲೇ ಹೋದಿರಿ, ಕೊನೆಗೆ ನನ್ನ ಹಣೆಯ ಮೇಲೆ ಕೆಂಪು ಪೆನ್ನಿನಿಂದ ಒಂದು ಸರಿ ಗುರುತು ಹಾಕಿ ಹೊರಟುಹೋದಿರಿ. ಅದನ್ನು ಉಜ್ಜಿದಷ್ಟೂ ದೊಡ್ಡದಾಗುತ್ತಿತ್ತು. ಕಣ್ಣು ಬಿಟ್ಟರೆ ಎದುರಿಗೆ ನಮ್ಮ ಕಟಿಂಗ್ ಮಾಸ್ಟರ್ ಕತ್ತರಿ ಹಿಡಿದು ನಿಂತಿದ್ದರು. "ಏನಕ್ಕಾ, ಹಣೆ ಕಿತ್ತು ಬರೋ ಹಾಗೆ ಉಜ್ಕೋತಿದ್ದೀರಲ್ಲ!" ಎಂದು ನಕ್ಕರು.

ಕನಸಿನಲ್ಲಿ ಮಾಡಿದ್ದಕ್ಕೆ ನಿಮ್ಮ ಮೇಲೆ ನನ್ನ ದೂರಿಲ್ಲ. ಎಚ್ಚರವಿದ್ದಾಗ ಮಾಡಿದ್ದಕ್ಕೆ ದೂರು. ನಾಲ್ಕನೇ ತರಗತಿಯಲ್ಲಿರುವ, ಒಂಬತ್ತು ವರ್ಷದ ನನ್ನ ಮಗಳಿಗೆ ಸರಾಗವಾಗಿ ಓದಲು ಬರುತ್ತದೆ ಎಂದು ನಿಮ್ಮ ಕಚೇರಿ ಬರೆದುಕೊಂಡಿದೆ. ಬರುವುದಿಲ್ಲ. ಬರುತ್ತದೆ ಎಂದು ಬರೆದುಕೊಂಡ ತಪ್ಪಿಗೆ ಅವಳ ಹೆಸರನ್ನು ಸಂಜೆಯ ಓದಿನ ಕೋಣೆಯಿಂದ ಹೊಡೆದುಹಾಕಿದ್ದೀರಿ. ಅದೂ ಸಾಲದೆ, ಇನ್ನು ಓದಲು ಬಾರದ ಮಕ್ಕಳೇ ಉಳಿದಿಲ್ಲವೆಂದು, ಈ ತಿಂಗಳ ಕೊನೆಗೆ ಆ ಕೋಣೆಗೇ ಬೀಗ ಹಾಕಲು ಆದೇಶ ಕೊಟ್ಟಿದ್ದೀರಿ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನವಿದೆ. ನಾನು ಮೂರು ಸಲ ಎಣಿಸಿದೆ. ಇವತ್ತನ್ನು ಸೇರಿಸಿದರೆ ಹತ್ತು. ಸೇರಿಸಬೇಕೋ ಬಿಡಬೇಕೋ ಗೊತ್ತಾಗದೆ ನಿನ್ನೆಯಿಂದ ಒದ್ದಾಡುತ್ತಿದ್ದೇನೆ.

ಓದಿದವರ ಹಾಗೆ ಅಚ್ಚುಕಟ್ಟಾಗಿ ಬರೆಯಲು ನನಗೆ ಬರುವುದಿಲ್ಲ. ಆರನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಬರೆದದ್ದನ್ನು ಓದಿ ನಗುವುದಾದರೆ ನಗಿ, ಆದರೆ ಪೂರ್ತಿ ಓದಿ ನಗಿ.

ಮೊದಲು ಆ ಕೋಣೆಯ ವಿಷಯ ಹೇಳಿಬಿಡುತ್ತೇನೆ. ಆದೇಶಕ್ಕೆ ಸಹಿ ಹಾಕುವ ಮುಂಚೆ ನೀವು ಅದನ್ನು ನೋಡಿದ ಹಾಗಿಲ್ಲ. ವಾಚನಾಲಯದ ಹಿಂಬದಿಯಲ್ಲಿ ಹಳೆ ಪತ್ರಿಕೆಗಳನ್ನು ಕಟ್ಟಿ ಇಡುತ್ತಿದ್ದ ಜಾಗ ಅದು. ಒಂದು ಕಿಟಕಿ, ಎರಡು ಬೆಂಚು, ಒಂದು ಕಾಲು ಗಿಡ್ಡವಾದ ಮೇಜು. ಆ ಕಾಲಿನ ಕೆಳಗೆ ಮಡಚಿ ಇಟ್ಟಿರುವುದು ನಿಮ್ಮ ಇಲಾಖೆಯದೇ ಒಂದು ಸುತ್ತೋಲೆ. ಅಲ್ಲಿ ಸಂಜೆ ನಾಲ್ಕೂವರೆಯಿಂದ ಆರರ ತನಕ ಏಳು ಮಕ್ಕಳಿಗೆ ಓದು ಹೇಳಿಕೊಡುವವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದ ಒಬ್ಬ ಹೆಂಗಸು. ಮಕ್ಕಳು ಅವರನ್ನು 'ಹಲೋ ಮೇಡಂ' ಅನ್ನುತ್ತಾರೆ. ಅವರೂ ಅದಕ್ಕೆ ಓಗೊಡುತ್ತಾರೆ. ಒಂದು ಮಗು ತಡವರಿಸಿದರೆ ಇನ್ನೊಂದು ಮಗು ಬಾಯಿ ಹಾಕುವಂತಿಲ್ಲ. "ಲೈನಲ್ಲಿ ಇನ್ನೊಬ್ರು ಇದಾರೆ, ನೀನು ಕಾಯಿ" ಎನ್ನುತ್ತಾರೆ. ತಾವೂ ಕಾಯುತ್ತಾರೆ. ನನ್ನ ಮಗಳ ಒಂದು ಪದಕ್ಕಾಗಿ ಐದು ನಿಮಿಷ ಕಾದದ್ದನ್ನು ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ. ನನಗೇ ತಡೆಯಲಾಗದೆ ಆ ಪದವನ್ನು ಒದರಿಬಿಟ್ಟೆ. ಹಲೋ ಮೇಡಂ ತಿರುಗಿ ನೋಡಿ, "ಅಮ್ಮಾ, ನೀವು ರಾಂಗ್ ನಂಬರ್" ಅಂದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಾಗಿ ಮೆಟ್ಟಿಲಿನ ಮೇಲೆ ಹೋಗಿ ಕೂತೆ.

ಅವರ ಪಾಠದ ಮುಖ್ಯ ಸಲಕರಣೆ ಅಂಗೈ ಅಗಲದ ಒಂದು ಪಟ್ಟಿ. ನಡುವೆ ಒಂದೇ ಪದ ಕಾಣುವಷ್ಟು ಕಂಡಿ. ಅದನ್ನು ಪುಟದ ಮೇಲಿಟ್ಟರೆ ಉಳಿದ ಪದಗಳೆಲ್ಲ ಮುಚ್ಚಿಹೋಗುತ್ತವೆ. ಮಗುವಿನ ಕಣ್ಣು ಎಲ್ಲೂ ಓಡಿಹೋಗುವಂತಿಲ್ಲ. ಮೊದಲು ಅವರು ರಟ್ಟಿನಲ್ಲಿ ಕತ್ತರಿಸುತ್ತಿದ್ದರು. ವಾರಕ್ಕೆಲ್ಲ ಅಂಚು ಹರಿದುಹೋಗುತ್ತಿತ್ತು. ಕಾಲರ್‌ಗೆ ಒಳಗಡೆ ಹಾಕುವ ಗಟ್ಟಿ ಬಟ್ಟೆಯ ಚೂರುಗಳನ್ನು ಮಾಸ್ಟರಿಂದ ಕೇಳಿ ತಂದು, ಏಳು ಪಟ್ಟಿಗಳಿಗೂ ಕಂಡಿ ಕತ್ತರಿಸಿ ಅಂಚಿಗೆ ದಾರ ಸುತ್ತಿ ಕೊಟ್ಟವಳು ನಾನು. ನಾನು ಇಲ್ಲಿಯ ತನಕ ಹಾಕಿದ ಕಾಜಾಗಳಲ್ಲಿ ಗುಂಡಿ ಇಲ್ಲದವು ಅವು ಏಳೇ.

ನನ್ನ ಮಗಳಿಗೆ ಮನೆಯಲ್ಲಿ 'ರೇಡಿಯೋ' ಎಂದು ಹೆಸರು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಾಳೆ. ಅವಳಪ್ಪ ಬಸ್ ಡಿಪೋದಲ್ಲಿ ಟೈರು ಬದಲಿಸುವವರು. ಅಲ್ಲಿಯ ಮೇಸ್ತ್ರಿಯ ಬೈಗುಳವನ್ನು ಒಂದು ದಿನ ಮನೆಯಲ್ಲಿ ಹೇಳಿ ತೋರಿಸಿದರು. ಮಾರನೆಯ ದಿನ ಶಾಲೆಯಿಂದ ನನಗೆ ಕರೆ ಬಂತು. ಅಂಥ ಕಿವಿ ಅವಳದು. ಕಣ್ಣಿನ ಕಥೆ ಬೇರೆ. ಅಕ್ಷರ ಬಿಡಿಬಿಡಿಯಾಗಿ ಕೇಳಿದರೆ ಗೊತ್ತು, ಸೇರಿಸಿದರೆ ಕಲಸಿಹೋಗುತ್ತದೆ. ಒತ್ತಕ್ಷರ ಕಂಡರಂತೂ ನಾಯಿ ಕಂಡವಳಂತೆ ನಿಂತುಬಿಡುತ್ತಾಳೆ. ಆ ಕೋಣೆಗೆ ಮೂರು ತಿಂಗಳು ಹೋದ ಮೇಲೆ ಒಂದು ಸಂಜೆ, ನನ್ನ ಕೈ ಹಿಡಿದು ಬರುತ್ತಿದ್ದವಳು ರಸ್ತೆಯ ನಡುವೆ ನಿಂತಳು. ಹಿಂದಿನಿಂದ ಸೈಕಲ್ಲು ಗಂಟೆ ಹೊಡೆಯುತ್ತಿದೆ, ಇವಳು ಕದಲಲಿಲ್ಲ. ಎದುರಿನ ಅಂಗಡಿಯ ಮೇಲಿನ ಫಲಕ ನೋಡಿ, "ಛ... ತ್ರಿ. ಛತ್ರಿ! ಅಮ್ಮಾ, ಇದು ಛತ್ರಿ ಅಂಗ್ಡೀನಾ?" ಎಂದಳು. ಎರಡು ವರ್ಷದಿಂದ ದಿನಾ ಆ ಅಂಗಡಿಯ ಮುಂದೆಯೇ ಹೋಗಿ ಬರುತ್ತಿದ್ದೇವೆ ಸ್ವಾಮಿ. ಬಾಗಿಲಲ್ಲಿ ಇಪ್ಪತ್ತು ಛತ್ರಿ ನೇತುಹಾಕಿದ್ದಾರೆ. ಆದರೆ ಅದನ್ನು ಅವಳು ಅಂದು ಓದಿದಳು. ಓದಿದ್ದು ಸುಳ್ಳಿರಬಹುದೇ, ಛತ್ರಿ ನೋಡಿ ಹೇಳಿದಳೇ ಎಂದು ನನಗೆ ಅನುಮಾನ. ಪಕ್ಕದ ಫಲಕ ಓದಿಸಿದೆ. 'ಬೀಗ ರಿಪೇರಿ' ಎಂದು ಓದಿದಳು. ಆ ಅಂಗಡಿ ಅಂದು ಮುಚ್ಚಿತ್ತು, ಹೊರಗಡೆ ಏನೂ ನೇತಾಡುತ್ತಿರಲಿಲ್ಲ.

ಅಲ್ಲಿಗೆ ಬಂದಿದ್ದಳು ನನ್ನ ಮಗಳು. ಆಗ ಬಂತು ನಿಮ್ಮ ಪರೀಕ್ಷೆ.

ಈಗ ನನ್ನ ತಪ್ಪನ್ನೂ ಬರೆಯಬೇಕು. ಬರೆಯದೆ ಹೋದರೆ ನಾಳೆ ನೀವೇ ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿಯುತ್ತೀರಿ. ನಿಮ್ಮ ಇಲಾಖೆ ಓದಿನ ಪರೀಕ್ಷೆಗೆ ಕೊಡುವ ಪಾಠ ಕಳೆದ ಮೂರು ವರ್ಷದಿಂದ ಒಂದೇ. ಬಾತುಕೋಳಿಯ ಪಾಠ. ಹಾಳೆ ಹಾಳಾಗಬಾರದೆಂದು ಮೇಲೆ ಪ್ಲಾಸ್ಟಿಕ್ ಬೇರೆ ಹಾಕಿಸಿ ಗಟ್ಟಿ ಮಾಡಿದ್ದೀರಿ. ಹಾಳೆಯ ಮೇಲೆ ಅಷ್ಟು ಅಕ್ಕರೆ. 'ಕೆರೆಯ ದಡದಲ್ಲಿ ಒಂದು ಬಾತುಕೋಳಿ ಇತ್ತು. ಬಾತುಕೋಳಿಗೆ ಐದು ಮರಿಗಳಿದ್ದವು. ಮೊದಲನೆಯ ಮರಿ ನೀರಿಗೆ ಹಾರಿತು.' ಇದು ನಿಮಗೆ ಪರೀಕ್ಷೆಯ ಪಾಠ. ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಹಗ್ಗದಾಟದ ಪದ! ಇಬ್ಬರು ಹಗ್ಗ ತಿರುಗಿಸುತ್ತಾರೆ, ಉಳಿದವರು 'ಮೊದಲನೆಯ ಮರಿ ನೀರಿಗೆ' ಎಂದು ಕೂಗುತ್ತಾರೆ, 'ಹಾರಿತು' ಅನ್ನುವಾಗ ಒಬ್ಬಳು ಹಾರುತ್ತಾಳೆ. ಐದನೆಯ ಮರಿ ನೀರಿಗೆ ಅಂಜಿ ದಡದಲ್ಲೇ ಕೂರುತ್ತದೆ. ಆಗ ಹಾರಿದವಳು ಔಟು. ಪರೀಕ್ಷೆ ಮುಗಿಸಿ ಮೇಲಿನ ತರಗತಿಗೆ ಹೋದ ಅಕ್ಕಂದಿರು ತಂಗಿಯರಿಗೆ ಕಲಿಸಿ ಹೋದ ಆಟ ಇದು. ಇಡೀ ಬೀದಿಗೆ ಗೊತ್ತಿರುವ ನಿಮ್ಮ ಗುಟ್ಟಿನ ಪ್ರಶ್ನೆಪತ್ರಿಕೆ ನಿಮ್ಮ ಕಚೇರಿಗೆ ಮಾತ್ರ ಇನ್ನೂ ಗುಟ್ಟಾಗಿದೆ.

ನಾನು ತೆಪ್ಪಗಿದ್ದಿದ್ದರೆ ಸಾಕಿತ್ತು. ಫೇಲಾದ ಮಕ್ಕಳನ್ನು ತರಗತಿಯಲ್ಲಿ ಬೇರೆ ಸಾಲಿನಲ್ಲಿ ಕೂರಿಸುತ್ತಾರೆ ಎಂದು ಯಾರೋ ಹೇಳಿದರು. ಬೇರೆ ಸಾಲು ಅಂದರೇನೆಂದು ನನಗೆ ಗೊತ್ತು. ಐದನೇ ತರಗತಿಯ ತನಕ ನಾನೂ ಅಣ್ಣ ಓದುವುದನ್ನು ಕೇಳಿ ಕೇಳಿ ಪಾಠ ಬಾಯಿಗೆ ಹಾಕಿಕೊಂಡು, ತರಗತಿಯಲ್ಲಿ ಪುಸ್ತಕ ಹಿಡಿದು ಓದಿದವಳ ಹಾಗೆ ನಟಿಸಿದವಳು. ಆರನೇ ತರಗತಿಗೆ ಬೇರೆ ಶಾಲೆಗೆ ಸೇರಿಸಿದರು. ಅಲ್ಲಿಯ ಪುಸ್ತಕ ಬೇರೆ. ಮೇಷ್ಟ್ರು ಎದ್ದು ನಿಂತು ಓದು ಅಂದರು. ನಾನು ಹಳೆ ಶಾಲೆಯ ಪಾಠವನ್ನೇ ಒಪ್ಪಿಸಿದೆ! ಮೂರು ಸಾಲು ಹೇಳುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಎದ್ದ ನಗು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಬೇರೆ ಸಾಲು. ಮೂರು ತಿಂಗಳು ಕೂತೆ, ಆಮೇಲೆ ಹೋಗಲೇ ಇಲ್ಲ. ಕೊನೆಗೆ ನಾನು ಓದಲು ಕಲಿತದ್ದು ಇಪ್ಪತ್ತಮೂರನೇ ವಯಸ್ಸಿಗೆ, ಅಂಗಡಿಯಲ್ಲಿ ಮಾಸ್ಟರ್ ಅಳತೆ ಕೂಗುವಾಗ ಚೀಟಿಯಲ್ಲಿ ಬರೆದುಕೊಳ್ಳುವ ಕೆಲಸ ಬಿದ್ದ ಮೇಲೆ. ಎದೆ, ಸೊಂಟ, ತೋಳು. ಅವೇ ನನ್ನ ಮೊದಲ ಮೂರು ಪಾಠ.

ಇಷ್ಟೆಲ್ಲ ಉಂಡವಳು, ಮಗಳಿಗೆ ಏನು ಮಾಡಿದೆ? ಅದನ್ನೇ ಮಾಡಿದೆ. ಪರೀಕ್ಷೆಗೆ ಮುಂಚಿನ ಎರಡು ವಾರ ಅವಳನ್ನು ಅಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಒಂದು ಕಾಜಾಗೆ ಒಂದು ಸಾಲಿನಂತೆ ಬಾತುಕೋಳಿಯನ್ನು ಬಾಯಿಪಾಠ ಮಾಡಿಸಿದೆ. ಬೀದಿಯಲ್ಲಿ ಕೇಳಿದ್ದಷ್ಟೇ ನನಗೂ ಗೊತ್ತಿದ್ದದ್ದು, ಹಾಳೆಯನ್ನು ನಾನು ಕಣ್ಣಿಂದ ಕಂಡವಳಲ್ಲ. ಮಾಸ್ಟರ್ ಸುಮ್ಮನಿರಲಾರದೆ, "ಅಕ್ಕಾ, ಆ ಬಾತುಕೋಳೀನ ಇನ್ನು ಬಿಟ್ಬಿಡಿ, ಈಜಿ ಈಜಿ ಸುಸ್ತಾಗಿದೆ ಅದಕ್ಕೆ" ಎಂದರು. ನಾನು ಬಿಡಲಿಲ್ಲ. ಇವಳೂ ಓದುವ ಹಾಗೆ ಬೆರಳಾಡಿಸುವುದನ್ನು ಕಲಿತಳು. ಕಲಿಸಿದವಳು ನಾನೇ.

ಫಲಿತಾಂಶ ಬಂದ ದಿನ ಶಾಲೆಯ ಗೋಡೆಗೆ ಬಣ್ಣದ ಫಲಕ ಹಾಕಿದಿರಿ: 'ನೂರಕ್ಕೆ ನೂರು ಓದುವ ಶಾಲೆ.' ಮೂವತ್ತೊಂದು ಮಕ್ಕಳಿಗೆ ಮೂವತ್ತೊಂದೂ ಪಾಸು. ನಾನು ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದೆ. ಶಾಲೆ ಬಿಡುವ ಹೊತ್ತಿಗೆ ಹೋಗಿ, ಫಲಕದಲ್ಲಿ ಏನು ಬರೆದಿದೆ ಎಂದು ಮಗಳನ್ನು ಕೇಳಿದೆ. ಅವಳು ಫಲಕವನ್ನು ನೋಡಿ, ನನ್ನ ಮುಖ ನೋಡಿ, "ಏನೋ ಚೆನ್ನಾಗಿರೋದೇ ಬರ್ದಿದಾರೆ ಅಲ್ವಾಮ್ಮ?" ಎಂದಳು.

ಅಂದು ಸಂಜೆ ಅವಳು ಎಂದಿನಂತೆ ಓದಿನ ಕೋಣೆಗೆ ಹೋದಳು. ಹಲೋ ಮೇಡಂ ಕೈಯಲ್ಲಿ ನಿಮ್ಮ ಕಚೇರಿ ಕಳಿಸಿದ ಹೆಸರುಗಳ ಪಟ್ಟಿ ಇತ್ತು, ನನ್ನ ಮಗಳ ಹೆಸರಿನ ಮುಂದೆ 'ಅಗತ್ಯವಿಲ್ಲ' ಎಂದು ಬರೆದದ್ದು. ಅವರಿಗೂ ಸಂತೋಷವೇ. "ಎಲ್ಲಿ, ನನಗೂ ಒಂದ್ಸಲ ಓದಿ ತೋರ್ಸು ಪುಟ್ಟಿ" ಎಂದು, ಶಾಲೆಯಿಂದ ಕೇಳಿ ತಂದಿದ್ದ ಆ ಪಾಠದ ಹಾಳೆಯನ್ನು ಮೇಜಿನ ಮೇಲಿಟ್ಟು, ಮೊದಲ ಸಾಲಿನ 'ದಡದಲ್ಲಿ' ಎಂಬ ಪದದ ಮೇಲೆ ನಾನು ಹೊಲಿದ ಪಟ್ಟಿಯ ಕಂಡಿ ಬರುವಂತೆ ಹಿಡಿದರು. ಮಗಳು ಇಡೀ ಸಾಲನ್ನು ಹೇಳಿದಳು: ಕೆರೆಯ ದಡದಲ್ಲಿ ಒಂದು ಬಾತುಕೋಳಿ ಇತ್ತು. ಕಂಡಿಯನ್ನು ಎಲ್ಲೋ ಕೆಳಗೆ ಸರಿಸಿದರು. ಎರಡನೆಯ ಸಾಲು ಹೇಳಿದಳು. ಕಂಡಿಯನ್ನು ಮತ್ತೆ ಮೊದಲಿನ 'ದಡದಲ್ಲಿ'ಗೇ ತಂದರು. ಮಗಳು ಮೂರನೆಯ ಸಾಲು ಹೇಳಿದಳು.

ಹಲೋ ಮೇಡಂ ಪಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟರು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು. "ಯಾರು ಕಲಿಸಿದ್ದು?" ಎಂದರು.

"ನಾನೇ ಮೇಡಂ."

"ಫೇಲಾಗ್ತಾಳೆ ಅಂತ ಹೆದ್ರಿದ್ರಾ?"

ಹ್ಞೂಂ ಎಂದೆ. ಅವರು ಬೈದಿದ್ದರೆ ವಾಸಿಯಾಗುತ್ತಿತ್ತು. "ಅಯ್ಯೋ ತಾಯಿ, ಫೇಲಾಗಿದ್ರೆ ಇನ್ನೊಂದು ವರ್ಷ ನನ್ಹತ್ರ ಇರ್ತಿದ್ಲಲ್ಲ. ಇನ್ನಾರು ತಿಂಗಳು ಸಿಕ್ಕಿದ್ರೆ ಪುಸ್ತಕ ಹಿಡೀತಿದ್ಲು" ಎಂದಷ್ಟೇ ಹೇಳಿದರು.

ಮಾನ್ಯರೇ, ನನ್ನ ತಪ್ಪು ಒಂದು ಮಗುವಿನಷ್ಟು. ನಿಮ್ಮದು? ಔಷಧಿಯ ಹೆಸರನ್ನು ತಪ್ಪಿಲ್ಲದೆ ಹೇಳಿದರು ಎಂದು ರೋಗಿಗಳನ್ನೆಲ್ಲ ಮನೆಗೆ ಕಳಿಸಿ ಆಸ್ಪತ್ರೆಗೆ ಬೀಗ ಹಾಕುವವರು ಉಂಟೇ? ಮೂರು ವರ್ಷದಲ್ಲಿ ಇನ್ನೊಂದು ಪಾಠ ಬರೆಸಲು ನಿಮ್ಮ ಇಡೀ ಇಲಾಖೆಯಲ್ಲಿ ಒಂದು ಪೆನ್ನು ಸಿಗಲಿಲ್ಲವೇ? ಬಾತುಕೋಳಿ ಮುದಿಯಾಯಿತು, ಮರಿಗಳು ಮೊಟ್ಟೆಯಿಡುವ ವಯಸ್ಸಿಗೆ ಬಂದವು, ನಿಮ್ಮ ಹಾಳೆ ಮಾತ್ರ ಹೊಸದಾಗಿಯೇ ಇದೆ. ಓದಲು ಬಾರದ ಮಗುವಿಗೆ ಹೆಚ್ಚು ಬೇಕಾದದ್ದು ಎದುರಿಗೆ ಕೂತು ಕಾಯುವ ಒಬ್ಬ ಮನುಷ್ಯ. ಅಂಥವರು ಒಬ್ಬರು ಸಂಬಳವೂ ಇಲ್ಲದೆ ಸಿಕ್ಕಿದ್ದಾರೆ. ಅವರನ್ನು ಎಬ್ಬಿಸಿ ಕಳಿಸಿ ಅಲ್ಲಿ ನೀವು ಏನು ಇಡುತ್ತೀರಿ? ಹಳೆ ಪತ್ರಿಕೆಗಳನ್ನೇ?

ನಾನು ನಿಮ್ಮ ಕಚೇರಿಗೆ ಎರಡು ಸಲ ಬಂದಿದ್ದೆ. ಮೊದಲ ಸಲ ಗುಮಾಸ್ತರು ನಾನು ಹೇಳಿದ್ದನ್ನು ಕೇಳಿ, ಪಕ್ಕದ ಮೇಜಿನವರನ್ನು ಕರೆದು, "ಬನ್ನಿ ಬನ್ನಿ, ಮಗಳು ಪಾಸಾದ್ಲು ಅಂತ ದೂರು ಕೊಡೋಕೆ ಬಂದಿದಾರೆ" ಎಂದು ಇನ್ನೊಮ್ಮೆ ನನ್ನಿಂದ ಹೇಳಿಸಿದರು. ಫೇಲಾದವರು ಮೇಲ್ಮನವಿ ಹಾಕಲು ಒಂದು ಅರ್ಜಿ ನಮೂನೆ ಇದೆಯಂತೆ. ಪಾಸಾದವರಿಗೆ ಇಲ್ಲ. ಎರಡನೆಯ ಸಲ ಆ ಫೇಲಿನ ನಮೂನೆಯನ್ನೇ ತುಂಬಿಕೊಟ್ಟೆ. ಗುಮಾಸ್ತರು ಅದನ್ನು ಓದಿ ಬೇಸರದಿಂದ ಹೇಳಿದರು: "ಇದನ್ನ ತಗೋಬೇಕಂದ್ರೆ ಮೊದಲು ನಿಮ್ಮ ಮಗಳು ಫೇಲಾಗಿರ್ಬೇಕಮ್ಮ."

"ಅದನ್ನೇ ಅಲ್ವಾ ಸಾರ್ ನಾನು ಕೇಳ್ತಿರೋದು!"

ಪಾಪ, ಅವರು ಕೆಟ್ಟವರಲ್ಲ. ನನಗೆ ಕುರ್ಚಿ ಕೊಟ್ಟರು. ದಾಖಲೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, "ನೋಡಿ, ಎಲ್ಲಾ ಸರಿಯಾಗೇ ಇದೆ, ಪರೀಕ್ಷೆ ಮಾಡ್ದೋರು ಸಹಿ ಹಾಕಿದಾರೆ. ಖುಷಿಯಾಗಿ ಮನೆಗೆ ಹೋಗಿ" ಎಂದರು. ನಾನು ಮಗಳ ಹೆಸರಿನ ಮುಂದಿದ್ದ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಬಂದೆ. ಅಳತೆ ಬರೆದುಕೊಂಡು ರೂಢಿಯಲ್ಲವೇ.

ಮನೆಯಲ್ಲೂ ನನಗೆ ಬೆಂಬಲವಿಲ್ಲ. "ಪಾಸಾಯ್ತಲ್ಲ, ಬಿಡೇ ಮಾರಾಯ್ತಿ. ನಾಲ್ಕು ಜನರ ಮುಂದೆ ಮಗೂ ಮರ್ಯಾದೆ ತೆಗೀಬೇಡ" ಎನ್ನುತ್ತಾರೆ ಅವಳಪ್ಪ. ಅವರ ಮಾತಿನಲ್ಲೂ ಹುರುಳಿದೆ. ಆದ್ದರಿಂದ, ನಿಮ್ಮ ಕಚೇರಿಯಲ್ಲಿ ಕೆಲಸವಾಗದೆ ಪತ್ರಿಕೆಗೆ ಕಳಿಸುತ್ತಿರುವ ಈ ಪತ್ರ ಬರೆಯುವ ಮುಂಚೆ ಮಗಳನ್ನೇ ಕೇಳಿದೆ. "ನನ್ನ ಹೆಸ್ರು ಹಾಕ್ತೀಯಾ?" ಎಂದಳು. ಇಲ್ಲ ಎಂದೆ. "ಹಾಗಾದ್ರೆ ಬರಿ. ಹಲೋ ಮೇಡಂ ಹೆಸ್ರೂ ಹಾಕ್ಬೇಡ, ಅವರಿಗೆ ಬೈತಾರೆ" ಎಂದಳು. ಆದ್ದರಿಂದ, ಮಗಳು ಯಾರೆಂದು ನಿಮ್ಮ ಗುಮಾಸ್ತರಿಗೆ ಗೊತ್ತಿದ್ದರೂ, ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ನಿಮ್ಮದನ್ನೂ.

ನನ್ನ ಬೇಡಿಕೆ ಇಷ್ಟೇ. ನನ್ನ ಮಗಳನ್ನು ಬಾತುಕೋಳಿಯಲ್ಲದ ಬೇರೆ ಯಾವುದಾದರೂ ಪುಟ ಕೊಟ್ಟು ಮತ್ತೊಮ್ಮೆ ಓದಿಸಿ, ನಿಧಾನವಾಗಿ, ಗಡಿಯಾರ ನೋಡದೆ. ಬಾರದಿದ್ದರೆ ಬಾರದು ಎಂದು ಬರೆಯಿರಿ, ಆ ಬರಹಕ್ಕೆ ನಾನೇ ಸಹಿ ಹಾಕುತ್ತೇನೆ. ಬೇರೆ ಸಾಲಿನಲ್ಲಿ ಮಾತ್ರ ಕೂರಿಸಬೇಡಿ. ಕೋಣೆಯ ಪಟ್ಟಿಗೆ ಅವಳ ಹೆಸರನ್ನು ವಾಪಸ್ಸು ಸೇರಿಸಿ, ಬೀಗದ ಆದೇಶವನ್ನು ತಡೆಯಿರಿ. ತಿಂಗಳ ಕೊನೆಯೊಳಗೆ ಆಗಬೇಕು. ಮಕ್ಕಳ ಕಣ್ಣು ಒಂದು ಸಲ ಅಕ್ಷರಕ್ಕೆ ಹೊಂದಿಕೊಳ್ಳಲು ಶುರುವಾದಾಗ ನಡುವೆ ಬಿಟ್ಟರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ನಿಮ್ಮ ಪುಸ್ತಕಗಳಲ್ಲಿ ಬರೆದಿರಬೇಕು.

ನಿಯಮದ ಪ್ರಕಾರವೇ ಪರೀಕ್ಷೆ ನಡೆದಿದೆ, ಮತ್ತೆ ಓದಿಸುವ ಅಗತ್ಯವಿಲ್ಲ ಎಂದು ನೀವು ಉತ್ತರ ಬರೆಯಿಸುತ್ತೀರಿ ಎಂಬ ಚಿಂತೆ ನನಗೆ. ಆಗಲಿ. ಹಾಗಾದರೆ ಬೇರೇನೂ ಬೇಡ, ಒಂದೇ ಒಂದು ವಿವರವನ್ನು ಇನ್ನೊಮ್ಮೆ ನೋಡಿಬಿಡಿ. ನಿಮ್ಮ ದಾಖಲೆ ಪುಸ್ತಕದಲ್ಲಿ ನನ್ನ ಮಗಳ ಸಾಲಿನಲ್ಲಿ 'ಓದಿದ್ದು: ಇಪ್ಪತ್ತು ಸಾಲು, ಸಮಯ: ಐವತ್ತೆರಡು ಸೆಕೆಂಡು, ತಪ್ಪು: ಇಲ್ಲ' ಎಂದಿದೆ. ಮೊನ್ನೆ ಹಲೋ ಮೇಡಂ ಹತ್ತಿರವಿದ್ದ ಆ ಹಾಳೆಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದೆ. ಮುಂದಿನ ಮಗ್ಗುಲಲ್ಲಿ ಹನ್ನೆರಡು ಸಾಲು, ಹಿಂದಿನ ಮಗ್ಗುಲಲ್ಲಿ ಎಂಟು. ನಾನು ನಾಲ್ಕು ಸಲ ಎಣಿಸಿದೆ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ಮುಖ ಸಣ್ಣದಾಗಿತ್ತು. "ಅಮ್ಮಾ, ಆ ಕಡೆನೂ ಇತ್ತಾ?" ಎಂದಳು. "ನಾನು ತಿರುಗ್ಸೇ ಇಲ್ಲಮ್ಮ. ಆ ಸಾರ್ ಗಡಿಯಾರ ನೋಡ್ತಿದ್ರು."

ಅವಳು ಕೊನೆಯ ಎಂಟು ಸಾಲನ್ನು ಹಾಳೆ ತಿರುವದೆಯೇ ಓದಿದ್ದಾಳೆ. ಪರೀಕ್ಷೆ ಮಾಡಿದವರನ್ನು ಕರೆದು ಕೇಳಿ: ಆ ದಿನ ಬೆಳಿಗ್ಗೆ ಮೂವತ್ತೊಂದು ಮಕ್ಕಳಲ್ಲಿ ಹಾಳೆ ತಿರುವಿದವರು ಎಷ್ಟು ಮಂದಿ?

ಇಂತಿ,
ಮಗಳನ್ನು ಪಾಸು ಮಾಡಿಸಿ ಕೆಡಿಸಿದ,
ಮೇಲ್ಮನವಿಗೆ ನಮೂನೆಯೇ ಇಲ್ಲದ
ಒಬ್ಬ ಕಾಜಾದವಳು